ಒಂದು ಉದ್ಧರಣೆ ನೀರು

೨೨ ಆಗಸ್ಟ್ ೨೦೦೯, ಶನಿವಾರ

ಕೆಳಗಿನ ಮನೆಯ ಬದರಿ ಭಟ್ಟರು ಬೆಳಿಗ್ಗೆ ಕೇದಾರ ಘಾಟಿನ ಮೆಟ್ಟಿಲ ಮೇಲೆ ಕುಸಿದರು. ಜಾರಿ ಬಿದ್ದದ್ದಲ್ಲ. ಸ್ನಾನ ಮುಗಿಸಿ ಹತ್ತುವಾಗ ಮೊಣಕಾಲು ಮಡಿಸಿಕೊಂಡಿತು, ಮತ್ತೆ ನೆಟ್ಟಗಾಗಲಿಲ್ಲ. ಇಬ್ಬರು ದೋಣಿಯವರು ಹೊತ್ತು ತಂದು ನಡುಮನೆಯಲ್ಲಿ ಮಲಗಿಸಿದರು. ಆಸ್ಪತ್ರೆಗೆ ಹೊರಟಿದ್ದ ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಮಂಡಿಯ ಕೆಳಗೆ ಅಂಗೈಯ ಅಂಚಿನಿಂದ ತಟ್ಟಿದೆ. ಕಾಲು ಅಲುಗಲಿಲ್ಲ. ಇನ್ನೊಂದೂ ಅಷ್ಟೆ. ಬುಧವಾರದಿಂದಲೇ ಪಾದ ಜುಮ್ಮೆನ್ನುತ್ತಿತ್ತಂತೆ. ಹೊಸ ಚಪ್ಪಲಿಯ ದೋಷ ಎಂದುಕೊಂಡಿದ್ದರಂತೆ. ತಿಂಗಳ ಮೊದಲಲ್ಲಿ ಮನೆಯವರಿಗೆಲ್ಲ ಹೊಟ್ಟೆ ಕೆಟ್ಟಿತ್ತು, ಅವರಿಗೆ ವಾಸಿಯಾದದ್ದು ಎಲ್ಲರಿಗಿಂತ ತಡವಾಗಿ. ರೋಗ ಯಾವುದೆಂದು ತಿಳಿಯಲು ನನಗೆ ಅಷ್ಟು ಸಾಕಾಯಿತು.

"ಡಾಕ್ಟ್ರೇ, ಕಾಲು ಹೋದ್ರೆ ಹೋಗ್ಲಿ. ಪಿತೃಪಕ್ಷ ಬಂತು. ಮಂತ್ರ ಹೇಳೋಕೆ ಬಾಯೊಂದು ಉಳಿಸಿಕೊಡಿ," ಎಂದರು.

"ಅದಕ್ಕೇನಾಗುತ್ತೆ? ಯಮ ಬಂದ್ರೂ ದಕ್ಷಿಣೆ ಎಷ್ಟು ಅಂತ ಕೇಳೋ ಬಾಯಿ ಅದು," ಎಂದರು ಅವರ ಹೆಂಡತಿ ಅಂಬುಜಾಕ್ಷಿ. ಹಾಗೆನ್ನುತ್ತಲೇ ಅವರ ಒದ್ದೆ ಪಂಚೆಯ ಮೇಲೆ ಒಣ ಟವೆಲ್ ಹೊದಿಸುತ್ತಿದ್ದರು.

ದೇಹ ತನ್ನ ನರಗಳ ಹೊದಿಕೆಯನ್ನೇ ಶತ್ರುವೆಂದು ಭಾವಿಸಿ ತಿನ್ನುವ ರೋಗ ಇದು. ಪಾದದಿಂದ ಮೇಲೆ ಹತ್ತುತ್ತದೆ. ಎದೆ ಮುಟ್ಟಿದರೆ ಉಸಿರು ನಿಲ್ಲುತ್ತದೆ. ಆ ಹೊತ್ತನ್ನು ಯಂತ್ರದ ಮೇಲೆ ದಾಟಿಸಿಬಿಟ್ಟರೆ ಹೆಚ್ಚಿನವರು ಎದ್ದು ನಡೆಯುತ್ತಾರೆ. ನಮ್ಮ ಐಸಿಯುನಲ್ಲೇ ಮಲಗಿಸಿದೆ.

ಕಾಶಿಗೆ, ಈ ಮಹಡಿಗೆ ಬಂದು ಆರು ವರ್ಷ. ದಾವಣಗೆರೆಯಿಂದ ತಂದ ಪುಸ್ತಕದ ಪೆಟ್ಟಿಗೆಗಳನ್ನು ಅಂದು ಮೇಲೆ ಹತ್ತಿಸಿದವರು ಭಟ್ಟರೇ. ಎಲ್ಲವೂ ಅನುವಾದದ ಕಾದಂಬರಿಗಳು. ಬೇರೆ ದೇಶದವರ ಕತೆ ಇಷ್ಟೊಂದು ಯಾಕೆ ಎಂದು ಕೇಳಿದ್ದರು. ಬೇರೆ ದೇಶದವರದಾದ್ದರಿಂದಲೇ ಓದುತ್ತೇನೆ. ಅಲ್ಲಿಯವರ ಕಷ್ಟಕ್ಕೆ ನಾನು ಔಷಧ ಬರೆಯಬೇಕಾಗಿಲ್ಲ.

ಡೈರಿ ಬರೆಯುವುದು ಬಿಟ್ಟು ಬಹಳ ಕಾಲವಾಗಿತ್ತು. ಆಸ್ಪತ್ರೆಯನ್ನು ಮನೆಗೆ ತರಬಾರದೆಂಬ ನಿಯಮ ಇಟ್ಟುಕೊಂಡಿದ್ದೆ. ಇಂದು ಮನೆಯೇ ಆಸ್ಪತ್ರೆಗೆ ಹೋಗಿದೆ.

೨೪ ಆಗಸ್ಟ್, ಸೋಮವಾರ

ಬೆಳಿಗ್ಗೆ ಒಂದೇ ಉಸಿರಿಗೆ ಇಪ್ಪತ್ತರವರೆಗೆ ಎಣಿಸಿದವರು ಮಧ್ಯಾಹ್ನ ಎಂಟಕ್ಕೆ ನಿಂತರು. ಕಾಯಲಿಲ್ಲ. ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಜೋಡಿಸಿದೆ. ಪರಿಚಯದವರ ಬಾಯಿ ತೆರೆದು ನಳಿಕೆ ಇಳಿಸಿದ್ದು ಇದೇ ಮೊದಲು.

ಬರೆಯಬೇಕಾದದ್ದನ್ನೆಲ್ಲ ನಾನೇ ಬರೆದೆ. ರಕ್ತದ ದ್ರವ ಬದಲಿಸುವ ಚಿಕಿತ್ಸೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಒಂದು ಚುಚ್ಚುಮದ್ದು, ಹೊಟ್ಟೆಯ ಆಮ್ಲ ತಗ್ಗಿಸಲು ಪ್ಯಾಂಟೊಪ್ರಜೋಲ್ ದಿನಕ್ಕೆ ಎರಡು ಸಲ. ವೆಂಟಿಲೇಟರಿನಲ್ಲಿರುವವರ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರಬಹುದು, ಅದಕ್ಕಾಗಿ. ನಮ್ಮಲ್ಲಿ ಎಲ್ಲರಿಗೂ ಕೊಡುತ್ತೇವೆ. ಆ ಸಾಲನ್ನು ಕೈ ತಾನಾಗಿಯೇ ಬರೆಯುತ್ತದೆ.

ಹೊರಗೆ ಅಂಬುಜಕ್ಕನೂ ಮಗಳು ಕಾತ್ಯಾಯನಿಯೂ ನಿಂತಿದ್ದರು. ಹುಡುಗಿ ಬಿ.ಎ. ಓದುತ್ತಾಳೆ, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಇದು ಬಂದ ದಾರಿಯಲ್ಲೇ ಇಳಿದುಹೋಗುವ ರೋಗ, ಕೆಲವು ವಾರ ಹಿಡಿಯಬಹುದು, ಅಲ್ಲಿಯವರೆಗೆ ಪುಪ್ಪುಸಕ್ಕೆ ಸೋಂಕು ತಗಲದಂತೆ ಕಾಯುವುದೇ ದೊಡ್ಡ ಕೆಲಸ ಎಂದು ಹೇಳಿದೆ.

"ಕಾಯೋರು ನೀವೇ ತಾನೇ?" ಎಂದು ಅಂಬುಜಕ್ಕ ಕೇಳಿದರು. ನಾನೇ ಎಂದೆ.

೨೮ ಆಗಸ್ಟ್, ಶುಕ್ರವಾರ

ಕೈಕಾಲು, ಮುಖ ಎಲ್ಲ ನಿಂತಿವೆ. ಉಳಿದಿರುವುದು ಕಣ್ಣುರೆಪ್ಪೆ ಮಾತ್ರ. ಬುದ್ಧಿ ಪೂರ್ತಿ ಎಚ್ಚರವಾಗಿದೆ. ಈ ರೋಗದ ಕ್ರೌರ್ಯ ಅದೇ. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ ಎಂದು ಒಪ್ಪಂದ ಮಾಡಿಕೊಂಡಿದ್ದೇವೆ. ನೋವಿದೆಯೇ ಎಂದೆ, ಎರಡು ಸಲ. ಭಯವಿದೆಯೇ ಎಂದೆ, ಸ್ವಲ್ಪ ತಡೆದು ಒಂದು ಸಲ. ಅಂಬುಜಕ್ಕ ಮಾತನಾಡಿ ಮಾತನಾಡಿ ನಿಮ್ಮನ್ನು ದಣಿಸುತ್ತಿದ್ದಾರೆಯೇ ಎಂದೆ. ಒಂದು ಸಲ, ತಕ್ಷಣ. ಅಂಬುಜಕ್ಕ ಸೆರಗು ಬಾಯಿಗೊತ್ತಿಕೊಂಡು ನಕ್ಕರು.

ಆಮೇಲೆ ಅವರು ಬುಟ್ಟಿಯಿಂದ ಪಂಚಪಾತ್ರೆ, ಉದ್ಧರಣೆ ತೆಗೆದರು. ಭಟ್ಟರಿಗೆ ಉಪನಯನವಾದ ದಿನದಿಂದ ಬೆಳಗಿನ ಮೊದಲ ಗುಟುಕು ಗಂಗೆಯದೇ. ಜ್ವರವಿರಲಿ, ಉಪವಾಸವಿರಲಿ, ತಪ್ಪಿಸಿದವರಲ್ಲ. ಈಗ ವಾರವಾಗುತ್ತ ಬಂತು. ನೀರನ್ನು ಕೇದಾರ ಘಾಟಿನಿಂದಲೇ ತಂದಿದ್ದರು. ಪ್ರವಾಹದ ಕಾಲ, ಕೆಳಗಿನ ಮೆಟ್ಟಿಲೆಲ್ಲ ಮುಳುಗಿವೆ, ನೀರು ಕೆಂಪು. ಒಂದು ಹಗಲು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿದ್ದರು.

"ಒಂದು ಉದ್ಧರಣೆ. ಬಾಯಿಗೆ ಆಗಲ್ಲ ಅಂತ ಗೊತ್ತು. ಆ ಮೂಗಿನ ಪೈಪಲ್ಲಿ ಹಾಲು ಬಿಡ್ತೀರಲ್ಲ, ಹಾಗೆ."

ಭಟ್ಟರತ್ತ ನೋಡಿದೆ. ಕಣ್ಣು ಒಂದು ಸಲ ಮುಚ್ಚಿತು. ಮುಚ್ಚಿದ್ದು ತೆರೆಯಲು ಹೊತ್ತು ಹಿಡಿಯಿತು.

ಒಪ್ಪಿದೆ. ನಲವತ್ತು ವರ್ಷಕ್ಕೂ ಮೇಲೆ ಈ ನದಿಯ ನೀರು ಕುಡಿದ ಹೊಟ್ಟೆ. ಚಮಚದಷ್ಟು ನೀರಿನಲ್ಲಿ ಏನಿದ್ದರೂ ಹೊಟ್ಟೆಯ ಆಮ್ಲ ನೋಡಿಕೊಳ್ಳುತ್ತದೆ. ಸಿಸ್ಟರ್ ನನ್ನ ಮುಖ ನೋಡಿ, ನೀರನ್ನು ಸಿರಿಂಜಿಗೆ ಎಳೆದು ನಳಿಕೆಯಲ್ಲಿ ಬಿಟ್ಟಳು. ಅಂಬುಜಕ್ಕ ಮಂತ್ರವನ್ನು ತಪ್ಪುತಪ್ಪಾಗಿ ಹೇಳಿದರೆಂದು ಕಾಣುತ್ತದೆ, ಭಟ್ಟರು ಎರಡು ಸಲ ಕಣ್ಣು ಮುಚ್ಚಿದರು.

ಇನ್ನು ಮೇಲೆ ದಿನಾ ಬೆಳಿಗ್ಗೆ ತರುತ್ತಾರೆ.

೩ ಸೆಪ್ಟೆಂಬರ್, ಗುರುವಾರ

ಎಡ ಭುಜ ಅಲುಗಿತು. ಮೊದಲು ಕಂಡವಳು ಕಾತ್ಯಾಯನಿ. "ದೀದಿ, ದೇಖಿಯೇ," ಎಂದು ನನ್ನ ತೋಳು ಹಿಡಿದೆಳೆದಳು. ನಿಜ. ಹೇಳಿದಾಗ ಎತ್ತುತ್ತಾರೆ, ಹೇಳಿದಾಗ ಬಿಡುತ್ತಾರೆ. ರೋಗ ಇಳಿಯತೊಡಗಿದೆ. ಎಕ್ಸ್‌ರೇ ಶುಭ್ರವಾಗಿದೆ.

ಪಿತೃಪಕ್ಷಕ್ಕೆ ಬರುವ ಹಾವೇರಿಯ ಯಾತ್ರಿಕರನ್ನು ಅಂಬುಜಕ್ಕ ಪಕ್ಕದ ಗಲ್ಲಿಯ ಪುರೋಹಿತರಿಗೆ ಒಪ್ಪಿಸಿದ್ದಾರೆ. ಊಟ ಮಾತ್ರ ತಮ್ಮ ಮನೆಯಲ್ಲೇ. ಇಪ್ಪತ್ತು ಜನಕ್ಕೆ ಬಡಿಸಿ, ರಿಕ್ಷಾ ಹತ್ತಿ ಆಸ್ಪತ್ರೆಗೆ ಬರುತ್ತಾರೆ. ಕೈಯಲ್ಲಿ ಹುಳಿಯ ವಾಸನೆ ಇರುತ್ತದೆ. ಗೋದೌಲಿಯಾ ಪೇಟೆಯಲ್ಲಿ ಗಾಲಿಕುರ್ಚಿ ವಿಚಾರಿಸಿದೆ ಎಂದು ಗಂಡನಿಗೆ ವರದಿ ಒಪ್ಪಿಸಿದರು. ಅಂಗಡಿಯವನು ಬಾಡಿಗೆಗೂ ಕೊಡುತ್ತಾನಂತೆ. ಶಿವರಾತ್ರಿಯ ಹೊತ್ತಿಗೆ ಘಾಟಿಗೆ ಇಳಿಯುತ್ತಾರೆಯೇ ಎಂದು ನನ್ನನ್ನು ಕೇಳಿದರು. ಇಳಿಯಬಹುದು ಎಂದೆ. ಇಂಥ ಮಾತು ನಾನು ಸಾಮಾನ್ಯವಾಗಿ ಆಡುವುದಿಲ್ಲ.

ಮನೆಗೆ ಬಂದು ಕಾದಂಬರಿಯ ಮೂರು ಅಧ್ಯಾಯ ಓದಿದೆ.

೫ ಸೆಪ್ಟೆಂಬರ್, ಶನಿವಾರ

ವಿಭಾಗದ ವಾರದ ಸಭೆ. ಈ ವರ್ಷ ಪ್ರಕಟವಾದ ಒಂದು ಅಧ್ಯಯನವನ್ನು ಕಿರಿಯ ವೈದ್ಯರೊಬ್ಬರು ಓದಿ ಹೇಳಿದರು. ಅಮೆರಿಕದ ಒಂದು ಆಸ್ಪತ್ರೆಯ ಸಾವಿರಾರು ರೋಗಿಗಳನ್ನು ಹೋಲಿಸಿದ್ದಾರೆ. ಆಮ್ಲ ತಗ್ಗಿಸುವ ಔಷಧ ಪಡೆದವರಲ್ಲಿ ನ್ಯುಮೋನಿಯಾ ಹೆಚ್ಚು. ಐಸಿಯು ರೋಗಿಗಳು ಆ ಲೆಕ್ಕದಲ್ಲಿಲ್ಲ, ಆದರೆ ಕಾರಣ ಇಲ್ಲಿಗೂ ಒಪ್ಪುತ್ತದೆ. ಆಮ್ಲ ಇರುವವರೆಗೆ ಹೊಟ್ಟೆಯಲ್ಲಿ ಕ್ರಿಮಿ ಬದುಕುವುದಿಲ್ಲ. ಆಮ್ಲ ಹೋದರೆ ಹೊಟ್ಟೆ ಒಂದು ನಿಂತ ನೀರಿನ ಹೊಂಡ. ಮಲಗಿಯೇ ಇರುವವನ ಹೊಟ್ಟೆಯಿಂದ ತೊಟ್ಟುತೊಟ್ಟಾಗಿ ಗಂಟಲಿಗೆ, ಗಂಟಲಿನಿಂದ ಪುಪ್ಪುಸಕ್ಕೆ.

ಮುಖ್ಯಸ್ಥರಾದ ಡಾ. ಮಿಶ್ರಾ ಒಪ್ಪಲಿಲ್ಲ. ಹೊಟ್ಟೆಯಿಂದ ರಕ್ತ ಸುರಿದು ಸತ್ತವರನ್ನು ತಾವು ಕಂಡಿರುವುದಾಗಿಯೂ, ನ್ಯುಮೋನಿಯಾಕ್ಕೆ ಆ್ಯಂಟಿಬಯಾಟಿಕ್ ಇದೆ, ಸುರಿಯುವ ಹೊಟ್ಟೆಗೆ ಏನಿದೆ ಎಂದೂ ಹೇಳಿದರು. ಅವರ ಮಾತು ಪೂರ್ತಿ ತಪ್ಪಲ್ಲ.

ನನಗೆ ಕೊನೆಯ ಭಾಗ ಕೇಳಿಸಲಿಲ್ಲ. ಕಳೆದ ವಾರ ಶುಕ್ರವಾರ ಇದೇ ಡೈರಿಯಲ್ಲಿ ನಾನು ಬರೆದದ್ದು ನೆನಪಿಗೆ ಬಂದಿತ್ತು. ಹೊಟ್ಟೆಯ ಆಮ್ಲ ನೋಡಿಕೊಳ್ಳುತ್ತದೆ. ಯಾವ ಆಮ್ಲ? ಅದನ್ನು ಅದಕ್ಕೆ ನಾಲ್ಕು ದಿನ ಮೊದಲೇ ನಾನು ನಿಲ್ಲಿಸಿಯಾಗಿತ್ತು.

ಸಭೆ ಮುಗಿದ ಮೇಲೆ ಭಟ್ಟರ ಪ್ಯಾಂಟೊಪ್ರಜೋಲ್ ನಿಲ್ಲಿಸಬೇಕೆಂದು ಕೇಳಿದೆ. ಮಿಶ್ರಾ ಬೇಡವೆಂದರು, ವೆಂಟಿಲೇಟರಿನಲ್ಲಿರುವವನಿಗೆ ಇಷ್ಟು ಬೇಗ ನಿಲ್ಲಿಸುವುದು ನನ್ನ ಘಟಕದಲ್ಲಿ ನಡೆಯದು ಎಂದರು. ಮತ್ತೆ ಕೇಳಲಿಲ್ಲ. ನೀರನ್ನಾದರೂ ನಿಲ್ಲಿಸಬಹುದು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ.

೬ ಸೆಪ್ಟೆಂಬರ್, ಭಾನುವಾರ

ಹೇಳಲು ಹೋದೆ. ಅಂಬುಜಕ್ಕ ಪಂಚಪಾತ್ರೆ ಹಿಡಿದು ಕಾಯುತ್ತಿದ್ದರು. ಬುಧವಾರ ಮಾವನವರ ತಿಥಿ, ಇವರು ಶ್ರಾದ್ಧ ಮಾಡಲಾರರು, ಅಲ್ಲಿಯವರೆಗೆ ಈ ನೀರಾದರೂ ತಪ್ಪದಿರಲಿ ಎಂದರು, ನಾನು ಬಾಯಿ ತೆರೆಯುವ ಮೊದಲೇ. ಸರಿ ಎಂದೆ. ನಿಲ್ಲಿಸಿ ಎಂದರೆ ಯಾಕೆ ಎಂದು ಕೇಳುತ್ತಿದ್ದರು. ಬುಧವಾರ ಮುಗಿಯಲಿ.

೮ ಸೆಪ್ಟೆಂಬರ್, ಮಂಗಳವಾರ

ಜ್ವರ. ಗಂಟಲ ನಳಿಕೆಯಿಂದ ಎಳೆದ ಕಫ ಹಸಿರಾಗಿದೆ. ಎಕ್ಸ್‌ರೇಯಲ್ಲಿ ಬಲ ಪುಪ್ಪುಸದ ಬುಡದಲ್ಲಿ ಬಿಳಿ ಮಚ್ಚೆ. ಕಫವನ್ನು ಪರೀಕ್ಷೆಗೆ ಕಳಿಸಿ ಆ್ಯಂಟಿಬಯಾಟಿಕ್ ಶುರು ಮಾಡಿದೆ. ಪ್ಯಾಂಟೊಪ್ರಜೋಲ್ ನಿಲ್ಲಿಸಿದೆವು, ಈಗ ಮಿಶ್ರಾ ತಡೆಯಲಿಲ್ಲ. ಘಟಕದ ಪದ್ಧತಿಯಂತೆ ನಡೆಯುತ್ತಿದ್ದ ಔಷಧ ಅದು.

ಅಂಬುಜಕ್ಕನಿಗೆ ನೀರು ಇನ್ನು ಬೇಡ ಎಂದೆ.

"ಯಾಕೆ?"

ನದಿಯ ನೀರಿನಲ್ಲಿ ಕ್ರಿಮಿ ಇರುತ್ತದೆ ಎಂದೆ.

"ಇಷ್ಟು ವರ್ಷ ಇರಲಿಲ್ವಾ?"

ಮಾನಿಟರಿನ ಗಂಟೆ ಹೊಡೆಯಿತು, ನಾನು ಒಳಗೆ ಹೋದೆ. ಹೊಡೆದದ್ದು ಪಕ್ಕದ ಹಾಸಿಗೆಯದು.

೧೧ ಸೆಪ್ಟೆಂಬರ್, ಶುಕ್ರವಾರ

ಪರೀಕ್ಷೆಯ ಫಲ ಬಂತು. ನೀರಿನಲ್ಲಿ, ತೇವದಲ್ಲಿ ಬದುಕುವ ಕ್ರಿಮಿ. ನಾವು ಕೊಡುತ್ತಿದ್ದ ಆ್ಯಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಬೇರೆಯದು ಬರೆದೆ.

ಮಂಗಳವಾರ ಅಂಬುಜಕ್ಕನ ಪಂಚಪಾತ್ರೆಯಲ್ಲಿ ಉಳಿದಿದ್ದ ನೀರನ್ನೂ ಸೀಸೆಯಲ್ಲಿ ಕಳಿಸಿದ್ದೆ. ಅದರಲ್ಲೂ ಅದೇ ಜಾತಿಯ ಕ್ರಿಮಿ ಬೆಳೆದಿದೆ. ಓದಿದಾಗ ಮೊದಲು ಆದದ್ದು ಸಮಾಧಾನ. ಇದನ್ನು ಬರೆದಿಡುತ್ತೇನೆ, ಏಕೆಂದರೆ ಹಾಗೆಯೇ ಆಯಿತು. ಈ ಜಾತಿಯದು ವಾರ್ಡಿನ ಸಿಂಕಿನಲ್ಲೂ ಸಿಗಬಹುದು. ಸಿಂಕಿನ ನೀರನ್ನು ನಾನು ಕಳಿಸಿರಲಿಲ್ಲ.

ಅಂಬುಜಕ್ಕ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದರು. ಕೇಳಿದ್ದಕ್ಕೆ ಹೇಳಿದೆ: ಭಟ್ಟರ ಎದೆಯಲ್ಲಿರುವುದೂ ಆ ನೀರಿನಲ್ಲಿರುವುದೂ ಒಂದೇ ಜಾತಿಯದು.

"ನನ್ನ ಕೈಯಿಂದ ಹೋಗಿದ್ದಾ?"

"ನೀರಿನಿಂದ," ಎಂದೆ.

ಅವರು ತಮ್ಮ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. ನಾನು ಹೇಳಿದ ಎರಡು ಮಾತಿನಲ್ಲಿ ಸುಳ್ಳು ಯಾವುದೂ ಇರಲಿಲ್ಲ.

೧೩ ಸೆಪ್ಟೆಂಬರ್, ಭಾನುವಾರ

ಎರಡೂ ಪುಪ್ಪುಸ ಬಿಳಿಯಾಗಿವೆ. ಮೂತ್ರ ಕಡಿಮೆ. ರಕ್ತದೊತ್ತಡ ಎತ್ತಿ ಹಿಡಿಯಲು ಔಷಧ.

ಭುಜ ಇನ್ನೂ ಅಲುಗುತ್ತದೆ. ನರಗಳು ತಮ್ಮ ಪಾಡಿಗೆ ವಾಸಿಯಾಗುತ್ತಿವೆ.

ಓದಿದೆ. ಮೂವತ್ತು ಪುಟ.

೧೫ ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ಹತ್ತರ ಸುಮಾರಿಗೆ ನಾಡಿ ಇಳಿಯತೊಡಗಿತು. ಮಾಡುವುದು ಇನ್ನೇನೂ ಇರಲಿಲ್ಲ. ಇಬ್ಬರನ್ನೂ ಒಳಗೆ ಕರೆಸಿದೆ. ಕಾತ್ಯಾಯನಿ ತಂದೆಯ ಪಾದ ಹಿಡಿದು ನಿಂತಳು. ಅಂಬುಜಕ್ಕ ಬುಟ್ಟಿ ತಂದಿದ್ದರು. ಪಂಚಪಾತ್ರೆ ಹೊರಗೆ ತೆಗೆದು ಒಂದು ದಳ ತುಳಸಿ ಹಾಕಿದರು.

ಭಟ್ಟರ ಮನೆಯ ಕೆಲಸವೇ ಇದು. ಕೇದಾರ ಘಾಟಿನ ಆಸುಪಾಸಿನಲ್ಲಿ ಯಾವ ಕನ್ನಡದವರ ಉಸಿರು ಕಟ್ಟಿದರೂ ಭಟ್ಟರಿಗೆ ಕರೆ ಬರುತ್ತಿತ್ತು. ಊರಿನಿಂದ ಸಾಯಲೆಂದೇ ಬಂದವರು, ಛತ್ರದಲ್ಲಿ ಒಂಟಿಯಾಗಿ ಬಿದ್ದವರು, ಹೆಸರೂ ತಿಳಿಯದವರು. ಎಲ್ಲರ ಬಾಯಿಗೂ ಒಂದು ಉದ್ಧರಣೆ. ಊಟದ ಎಲೆಯಿಂದ ಎದ್ದು ಹೋದದ್ದನ್ನೂ ಕಂಡಿದ್ದೇನೆ.

ಅಂಬುಜಕ್ಕ ಉದ್ಧರಣೆ ತುಂಬಿಕೊಂಡರು. ಎತ್ತಿದ ಕೈ ಹಾಸಿಗೆಯ ಕಂಬಿಯ ಮೇಲೆ ನಿಂತಿತು.

"ಈಗ ಹಾಕಿದ್ರೆ ಏನಾದ್ರೂ ಆಗುತ್ತಾ?"

"ಈಗ ಏನೂ ಆಗಲ್ಲ ಅಂಬುಜಕ್ಕ. ಹಾಕಿ."

ಕೈ ಮುಂದೆ ಹೋಗಲಿಲ್ಲ. ನೀರು ತುಳುಕಿ ಹಾಸಿಗೆಯ ಮೇಲೆ ಬಿತ್ತು. ಮತ್ತೆ ತುಂಬಿಕೊಂಡರು. ಮತ್ತೆ ಅಲ್ಲಿಯೇ ನಿಂತರು. ಭಟ್ಟರ ಕಣ್ಣು ಅರೆ ತೆರೆದಿತ್ತು. ಕಾಣುತ್ತಿತ್ತೋ ಇಲ್ಲವೋ ಹೇಳಲಾರೆ.

"ನೀವೇ ಹಾಕಿ," ಎಂದು ಉದ್ಧರಣೆಯನ್ನು ನನ್ನತ್ತ ಚಾಚಿದರು. "ನನ್ನ ಕೈದು ಬೇಡ ಅವ್ರಿಗೆ."

ಕೈಗವಸಿನಲ್ಲೇ ತೆಗೆದುಕೊಂಡೆ. ಗಂಟಲ ನಳಿಕೆಯ ಪಕ್ಕ, ತುಟಿಯ ಮೂಲೆಯಲ್ಲಿ ಬಿಟ್ಟೆ. ಅರ್ಧ ಒಳಗೆ ಹೋಯಿತು, ಅರ್ಧ ಗದ್ದಕ್ಕೆ ಇಳಿಯಿತು. ಹೇಳಬೇಕಾದ ಮಂತ್ರ ನನಗೆ ಬರುವುದಿಲ್ಲ. ಅಂಬುಜಕ್ಕನೂ ಹೇಳಲಿಲ್ಲ.

ಅಷ್ಟರಲ್ಲಿ ನಾನು ಒಂದು ಮಾತು ಹೇಳಬಹುದಿತ್ತು. ಮಾನಿಟರ್ ನೋಡಬೇಕಾಗಿತ್ತು.

ಮರಣ ಪ್ರಮಾಣಪತ್ರ ಮಿಶ್ರಾ ಬರೆದರು.

೩೦ ಸೆಪ್ಟೆಂಬರ್, ಬುಧವಾರ

ಕೆಳಗೆ ಹದಿಮೂರನೆಯ ದಿನದವರೆಗಿನ ಕರ್ಮಗಳು ಮುಗಿದಿವೆ. ಒಮ್ಮೆ ಹೋಗಿ ಕೂತು ಬಂದೆ. ಡ್ಯೂಟಿಯೂ ಹೆಚ್ಚಿತ್ತು.

ಸಂಜೆ ಕಾತ್ಯಾಯನಿ ಮಹಡಿ ಹತ್ತಿ ಬಂದಳು. ಬಾಗಿಲಲ್ಲೇ ನಿಂತು, ಕನ್ನಡದಲ್ಲೇ ಹೇಳಬೇಕೆಂದು ಅಂದುಕೊಂಡು ಬಂದವಳಂತೆ ಮಾತನಾಡಿದಳು.

"ದೀದಿ, ಮಮ್ಮಿ ಅಡುಗೆಮನೆಗೆ ಹೋಗ್ತಿಲ್ಲ. ರೊಟ್ಟಿ, ಸಬ್ಜಿ ಎಲ್ಲ ನಾನೇ. ನೀರು ಕೇಳಿದ್ರೆ 'ಖುದ್ ಲೇ ಲೋ' ಅಂತಾರೆ, ನೀನೇ ತಗೋ ಅಂತ. ದೇವರಿಗೂ ನಾನೇ ನೀರು ಇಡಬೇಕು. ಘಾಟಿಗಂತೂ ಇಳಿಯೋದೇ ಇಲ್ಲ. ಏನಾಯ್ತು ಅಂದ್ರೆ ಕೈ ನೋಡ್ಕೋತಾರೆ. ನೀವು ಏನಾದ್ರೂ ಹೇಳಿದ್ರಾ ಅವ್ರಿಗೆ?"

ಇಂಥ ಸಾವಿನ ನಂತರ ಹೀಗಾಗುವುದುಂಟು, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ನಿದ್ದೆಗೆ ಮಾತ್ರೆ ಬೇಕಾದರೆ ಕೊಡುತ್ತೇನೆ ಎಂದೆ. ಹುಡುಗಿ ಸ್ವಲ್ಪ ಹೊತ್ತು ನನ್ನ ಪುಸ್ತಕಗಳ ಕಪಾಟು ನೋಡುತ್ತ ನಿಂತಿದ್ದು ಇಳಿದು ಹೋದಳು.

ಮಾತ್ರೆ ಬೇಕೆನ್ನಲಿಲ್ಲ.

೧೦ ಅಕ್ಟೋಬರ್, ಶನಿವಾರ

ವಿಭಾಗದ ಸಭೆಯಲ್ಲಿ ಇಂದು ನನ್ನ ಸರದಿ. ಒಳ್ಳೆಯ ಪ್ರಸ್ತುತಿ ಎಂದು ಎಲ್ಲರೂ ಹೇಳಿದರು.

ರೋಗಿ, ಗಂಡಸು, ಐವತ್ತೆರಡು ವರ್ಷ, ಪುರೋಹಿತ. ನರರೋಗದಿಂದ ಕೈಕಾಲುಗಳ ಸ್ವಾಧೀನ ನಷ್ಟ, ವೆಂಟಿಲೇಟರ್, ಸುಧಾರಿಸುತ್ತಿರುವಾಗ ನ್ಯುಮೋನಿಯಾ. ರೋಗಿಗೆ ಆಮ್ಲ ತಗ್ಗಿಸುವ ಔಷಧ ನಡೆಯುತ್ತಿತ್ತು. ಮನೆಯವರಿಂದ ನಳಿಕೆಯ ಮೂಲಕ ಪ್ರತಿದಿನ ನದಿಯ ನೀರು ಕೊಡಲಾಗುತ್ತಿತ್ತು. ಆ ಸ್ಲೈಡ್ ಪರದೆಯ ಮೇಲೆ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ "ಗಂಗಾ ಮೈಯಾ" ಎಂದರು, ನಾಲ್ಕಾರು ಜನ ನಕ್ಕರು. ನಾನೂ ಮುಂದಿನದಕ್ಕೆ ಹೋಗುವ ಮೊದಲು ನಗು ಮುಗಿಯಲೆಂದು ಕಾದೆ.

ಕೊನೆಗೆ ನಮ್ಮ ಘಟಕದ ಪದ್ಧತಿ ಬದಲಾಗಬೇಕೆಂದು ವಾದಿಸಿದೆ. ರಕ್ತಸ್ರಾವದ ಅಪಾಯ ನಿಜವಾಗಿ ಹೆಚ್ಚಿರುವವರಿಗೆ ಮಾತ್ರ ಈ ಔಷಧ, ಹೊಟ್ಟೆಗೆ ಆಹಾರ ಸರಿಯಾಗಿ ಹೋಗತೊಡಗಿದ ಮೇಲೆ ಮತ್ತೆ ವಿಚಾರ, ತಲೆಯ ಭಾಗ ಸದಾ ಎತ್ತರ, ಮನೆಯವರು ನಳಿಕೆಯಲ್ಲಿ ಏನನ್ನೂ ಕೊಡುವಂತಿಲ್ಲ. ಮಿಶ್ರಾ ಬಹಳ ಹೊತ್ತು ಗಡ್ಡ ಸವರುತ್ತಿದ್ದು ಆರು ತಿಂಗಳು ನಡೆಸಿ ನೋಡೋಣ ಎಂದರು. ಇದು ಸಣ್ಣ ವಿಷಯವಲ್ಲ. ಈ ಚಳಿಗಾಲದಲ್ಲಿ ಯಾರಾದರೂ ಕೆಲವರಿಗೆ ಇದರಿಂದ ಒಳ್ಳೆಯದಾಗುತ್ತದೆ.

ಮಿಶ್ರಾ ಹೊರಗೆ ಬರುವಾಗ, ಔಷಧ ಬರೆದದ್ದು ಯಾರು ಎಂದು ನೀವು ಹೇಳಲೇ ಇಲ್ಲ ಎಂದರು. ಬೇಸರದಿಂದ ಅಲ್ಲ, ಮೆಚ್ಚುಗೆಯಿಂದ. ಯಾರನ್ನೂ ಬೆರಳು ಮಾಡಿ ತೋರಿಸದಿರುವುದು ನಿಮ್ಮ ದೊಡ್ಡ ಗುಣ ಎಂದರು.

ಬರುವಾಗ ಕೆಳಮನೆಯ ಬಾಗಿಲು ತೆರೆದಿತ್ತು. ನೇರ ಮೇಲೆ ಬಂದೆ. ಕಾದಂಬರಿ ತೆರೆದು ಒಂದೇ ಪುಟವನ್ನು ಓದುತ್ತಿದ್ದೆನೆಂದು ಬಹಳ ಹೊತ್ತಿನ ಮೇಲೆ ತಿಳಿಯಿತು. ಅನುವಾದ ಚೆನ್ನಾಗಿಲ್ಲ.

೨೦ ಅಕ್ಟೋಬರ್, ಮಂಗಳವಾರ

ದೀಪಾವಳಿ ಮುಗಿಯಿತು. ಕೆಳಗೆ ದೀಪ ಹಚ್ಚಲಿಲ್ಲ, ಸೂತಕದ ವರ್ಷ.

ಇಂದು ನನಗೆ ರಜೆ. ಮಧ್ಯಾಹ್ನ ಹಾಲಿಗೆಂದು ಇಳಿಯುತ್ತಿದ್ದಾಗ ಶಿರಸಿ ಕಡೆಯ ವಯಸ್ಸಾದ ಗಂಡಹೆಂಡಿರಿಬ್ಬರು ಭಟ್ಟರನ್ನು ಹುಡುಕಿಕೊಂಡು ಬಂದಿದ್ದರು. ಸುದ್ದಿ ಗೊತ್ತಿರಲಿಲ್ಲ. ಅಂಬುಜಕ್ಕ ಹೇಳಿದರು. ಮುದುಕಿ ಜಗಲಿಯ ಮೇಲೆ ಕೂತುಬಿಟ್ಟರು. ತಮ್ಮ ಮೊದಲ ಕಾಶಿಯಾತ್ರೆಯನ್ನು ಮಾಡಿಸಿದವರು ಭಟ್ಟರೇ, ಅಂದು ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು ನೀವೇ ಎಂದು ಅತ್ತರು. 'ನೀವು' ಎಂದರೆ ಅಂಬುಜಕ್ಕ. ಆಮೇಲೆ, ಮೆಟ್ಟಿಲು ಹತ್ತಿ ಬಾಯಿ ಒಣಗಿದೆ, ಒಂದು ಲೋಟ ನೀರು ಕೊಡು ತಾಯಿ ಎಂದರು.

ಅಂಬುಜಕ್ಕ ಮೂಲೆಯ ಕೊಡವನ್ನು ತೋರಿಸಿ, "ಅಲ್ಲಿದೆ, ತಗೊಳ್ಳಿ," ಎಂದರು.

ಮುದುಕಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದರು. ಅಂಬುಜಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದರು. ಗಂಡಸು ಎದ್ದು ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿದರು. ಗಲ್ಲಿಗಿಳಿದ ಮೇಲೆ, ಪುರೋಹಿತರು ಹೋದ ಮೇಲೆ ಮನೆಯೂ ಹೋಯಿತು ಎಂದು ಹೇಳುತ್ತ ಹೋದದ್ದು ನಮ್ಮಿಬ್ಬರಿಗೂ ಕೇಳಿಸಿತು.

ಹಾಲಿನ ಪಾತ್ರೆಯನ್ನು ಮೆಟ್ಟಿಲ ಮೇಲೆಯೇ ಇಟ್ಟೆ.

"ಅಂಬುಜಕ್ಕ, ನಿಮ್ಮ ಕೈಯಿಂದ ಆಗಿದ್ದಲ್ಲ."

"ಅದೇ ಕ್ರಿಮಿ ಅಂತ ನೀವೇ ಹೇಳಿದ್ರಲ್ಲ."

"ಹೇಳಿದೆ. ಪೂರ್ತಿ ಹೇಳಲಿಲ್ಲ."

ನಿಂತೇ ಹೇಳಿದೆ. ಹೊಟ್ಟೆಯಲ್ಲಿರುವ ಆಮ್ಲ ಕ್ರಿಮಿಗಳನ್ನು ಕೊಲ್ಲುತ್ತದೆ, ಭಟ್ಟರ ಹೊಟ್ಟೆ ಇಷ್ಟು ವರ್ಷ ಕೊಲ್ಲುತ್ತಲೇ ಇತ್ತು. ಆ ಆಮ್ಲವನ್ನು ನಿಲ್ಲಿಸುವ ಔಷಧವನ್ನು ಬರೆದವಳು ನಾನು. ನೀರಿಗೆ ಹೂಂ ಎಂದವಳೂ ನಾನೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಕ್ರಿಮಿ ನಿಮ್ಮ ನೀರಿನದೇ ಎಂದೂ ಖಚಿತವಿಲ್ಲ, ನಮ್ಮ ವಾರ್ಡಿನ ಸಿಂಕಿನದೂ ಇರಬಹುದು, ನಾನು ಅದನ್ನು ಪರೀಕ್ಷೆಗೆ ಕಳಿಸಲೇ ಇಲ್ಲ. ಇಷ್ಟನ್ನು ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?"

"ಜ್ವರ ಬರೋಕೆ ಮೊದಲೇ. ಆ ಶನಿವಾರ."

"ನಾನು ಬುಧವಾರ ತಿಥಿ ಇದೆ ಅಂದಿದ್ದಕ್ಕೆ ಸುಮ್ಮನಾದ್ರಾ?"

"ಇಲ್ಲ. ನೀವು ಅದನ್ನ ಹೇಳಿದ್ದು ನನಗೆ ಅನುಕೂಲವಾಯ್ತು."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಕೈಗಳನ್ನು ಮುಂದಕ್ಕೆ ತಂದು, ಒಂದರ ಮೇಲೊಂದು ಇಟ್ಟುಕೊಂಡು, ಬಲಗೈಯನ್ನೇ ನೋಡುತ್ತ ನಿಂತರು.

"ಹಾಗಾದ್ರೆ ಆವತ್ತು ಅವ್ರ ಬಾಯಿಗೆ ನಾನೇ ಹಾಕಬಹುದಿತ್ತು," ಎಂದರು.

ಹೌದು ಎಂದೆ.